ಶಕ್ತಿ ಎಲ್ಲಿಂದ ಬಂತು, ಋಣ ಯಾರದ್ದು?

1938ರ ಜೂನ್ ತಿಂಗಳ ಮುದ್ರೆ ಹೊತ್ತು ಬಂದ ‘ಆಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್‌ನ ಹುಟ್ಟಿನ ಕಥೆಗೆ ಸಿಕ್ಕಿದ್ದು ಒಂದೇ ಪುಟ. ನಾಶವಾಗಲಿರುವ ಗ್ರಹದ ವಿಜ್ಞಾನಿಯೊಬ್ಬ ತನ್ನ ಹಸುಗೂಸನ್ನು ಅವಸರದಲ್ಲಿ ಕಟ್ಟಿದ ಆಕಾಶನೌಕೆಯಲ್ಲಿಟ್ಟು ಭೂಮಿಯತ್ತ ಕಳಿಸುತ್ತಾನೆ. ಕಾರಿನಲ್ಲಿ ಹೋಗುತ್ತಿದ್ದ ದಾರಿಹೋಕನಿಗೆ ಸಿಕ್ಕ ಮಗು ಅನಾಥಾಲಯ ಸೇರುತ್ತದೆ. ಬೆಳೆದ ಮೇಲೆ ಅವನು ಮೈಲಿಯ ಎಂಟನೇ ಒಂದು ಭಾಗ ಜಿಗಿಯಬಲ್ಲ, 20 ಅಂತಸ್ತಿನ ಕಟ್ಟಡವನ್ನು ದಾಟಬಲ್ಲ. ಫಿರಂಗಿಯ ಸಿಡಿಗುಂಡೇ ಬೇಕು, ಅವನ ಚರ್ಮ ತೂರಲು. ಹಾರುವುದು ಮಾತ್ರ ಇನ್ನೂ ಬಂದಿಲ್ಲ. ಪುಟದ ಕೊನೆಗೆ ಇದಕ್ಕೆಲ್ಲ ವೈಜ್ಞಾನಿಕ ಸಮಜಾಯಿಷಿಯೂ ಇದೆ: ಅವನ ಗ್ರಹದವರ ದೇಹ ನಮಗಿಂತ ಲಕ್ಷಾಂತರ ವರ್ಷ ಮುಂದೆ ವಿಕಾಸವಾಗಿತ್ತು, ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುವುದಿಲ್ಲವೇ, ಮಿಡತೆ ಅಷ್ಟು ದೂರ ಹಾರುವುದಿಲ್ಲವೇ ಎಂದು ಓದುವ ಹುಡುಗರನ್ನೇ ಅದು ಕೇಳುತ್ತದೆ.

ಈ ಇರುವೆಯ ಲೆಕ್ಕ ತಪ್ಪೆಂದು ಗೆಲಿಲಿಯೋ ಅದಕ್ಕೆ ಸರಿಯಾಗಿ ಮುನ್ನೂರು ವರ್ಷ ಮೊದಲೇ, 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿಬಿಟ್ಟಿದ್ದ. ಪ್ರಾಣಿಯ ಉದ್ದ ಹತ್ತು ಪಟ್ಟು ಬೆಳೆದರೆ ಸ್ನಾಯು ಮತ್ತು ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ನೂರು ಪಟ್ಟು ಬೆಳೆಯುತ್ತದೆ, ತೂಕ ಸಾವಿರ ಪಟ್ಟು. ಬಲವೆಲ್ಲ ಆ ವಿಸ್ತೀರ್ಣದ ಮೇಲೆ ನಿಂತಿದೆ. ಹಾಗಾಗಿ ಮನುಷ್ಯನ ಗಾತ್ರಕ್ಕೆ ಬೆಳೆದ ಇರುವೆ ಹೊರೆ ಹೊರುವುದಿರಲಿ, ತನ್ನ ಕಾಲ ಮೇಲೆ ತಾನು ನಿಲ್ಲಲಾರದು. ಚಿಕ್ಕದಾಗಿರುವುದೇ ಅದರ ಬಲದ ಗುಟ್ಟು. ಆದರೆ ಇದರ ಆಧಾರದ ಮೇಲೆ ಆ ಪುಟವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಮಿನೆಸೋಟ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೇಮ್ಸ್ ಕಕಾಲಿಯೋಸ್ ಸೂಪರ್‌ಹೀರೋಗಳ ಭೌತಶಾಸ್ತ್ರದ ಬಗ್ಗೆ 2005ರಲ್ಲಿ ಒಂದು ಪುಸ್ತಕ ಬರೆದರು. ಅಷ್ಟೆತ್ತರ, ಅಂದರೆ ಸುಮಾರು 200 ಮೀಟರ್ ನೆಗೆಯಬೇಕಾದರೆ ನೆಲ ಬಿಡುವಾಗ ಗಂಟೆಗೆ ಸುಮಾರು 225 ಕಿಲೋಮೀಟರ್ ವೇಗ ಬೇಕು; ಅಂಥ ಕಾಲು ಸಹಜವಾಗಿ ಬೆಳೆಯಬೇಕಾದರೆ ಅವನ ತವರು ಗ್ರಹದ ಗುರುತ್ವ ನಮ್ಮದರ ಸುಮಾರು 15 ಪಟ್ಟು ಇರಬೇಕು ಎಂದು ಅದರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಕಟ್ಟುಕಥೆಯೊಂದನ್ನು ಒಬ್ಬ ವಿಜ್ಞಾನಿ ಇಷ್ಟು ಪ್ರೀತಿಯಿಂದ ಕೂಡಿ ಕಳೆದು ನೋಡುವುದು ನನಗೆ ಬಹಳ ಇಷ್ಟವಾಗುವ ಸಂಗತಿ.

ಸಮಜಾಯಿಷಿಯೂ ನಿಂತಲ್ಲಿ ನಿಲ್ಲಲಿಲ್ಲ. ಇರುವೆಯ ಜಾಗಕ್ಕೆ ಗುರುತ್ವ ಬಂತು. 1960ರ ಹೊತ್ತಿಗೆ ಗುರುತ್ವದ ಜೊತೆ ಸೂರ್ಯ ಬಂದ: ಕೆಂಪು ಸೂರ್ಯನಡಿ ಸಾಮಾನ್ಯನಾಗಿರುವವನು ನಮ್ಮ ಹಳದಿ ಸೂರ್ಯನ ಬೆಳಕಿನಲ್ಲಿ ಮಹಾಬಲನಾಗುತ್ತಾನೆ ಎಂದಾಯಿತು. ಇಷ್ಟೆಲ್ಲ ಬದಲಾದರೂ ಒಂದು ಸಂಗತಿ ಅಲುಗಲಿಲ್ಲ. 1939ರಲ್ಲಿ ಆ ಮಗುವಿಗೆ ಕೆಂಟ್ ದಂಪತಿ ಸಾಕು ತಂದೆತಾಯಿಯಾದರು. ಬಲವನ್ನು ಜನರ ಒಳಿತಿಗೆ ಬಳಸಬೇಕೆಂದು ಅವನಿಗೆ ಕಲಿಸಿದವರು ಅವರು. ಬಲ ಕೊಟ್ಟದ್ದು ಸತ್ತುಹೋದ ಗ್ರಹ, ಅನ್ನ ಹಾಕಿದ್ದು ಈ ಭೂಮಿ. ಸೂಪರ್‌ಮ್ಯಾನ್ ಜೀವನವಿಡೀ ತೀರಿಸುವುದು ಆ ಎರಡನೆಯ ಋಣವನ್ನು. ಅವನನ್ನು ಕಟ್ಟಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಕ್ಲೀವ್‌ಲ್ಯಾಂಡ್ ನಗರದ ಹುಡುಗರು, ಯುರೋಪಿನಿಂದ ಓಡಿಬಂದ ಯಹೂದಿ ಕುಟುಂಬಗಳ ಮಕ್ಕಳು. ಆಶ್ರಯ ಕೊಟ್ಟ ನೆಲಕ್ಕೆ ವಲಸಿಗ ಏನು ಸಲ್ಲಿಸಬೇಕು ಎಂಬ ಪ್ರಶ್ನೆ ಅವರ ಮನೆಯದೇ ಪ್ರಶ್ನೆಯಾಗಿತ್ತು. ಆ ಪಾತ್ರದ ಹಕ್ಕನ್ನು ಅವರು ಮಾರಿದ್ದು ಬರೀ 130 ಡಾಲರಿಗೆ.

ಸೂಪರ್‌ಹೀರೋಗೆ ಶಕ್ತಿ ಬಂದ ದಾರಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ವಿಂಗಡಣೆಗೆ ಇಳಿಯುತ್ತಾರೆ: ಹುಟ್ಟಿನಿಂದ ಬಂದದ್ದು, ಅಪಘಾತದಿಂದ, ಔಷಧದಿಂದ, ಮಂತ್ರದಿಂದ, ಯಂತ್ರದಿಂದ. ವಿಂಗಡಣೆ ತಪ್ಪಲ್ಲ, ಆದರೆ ಅದರಿಂದ ಕಥೆಯ ಒಳಗು ಕಾಣುವುದಿಲ್ಲ. ಶಕ್ತಿಯ ಮೂಲ ಯಾವುದು ಎನ್ನುವುದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಇದೆ: ಈ ಶಕ್ತಿಗಾಗಿ ಯಾರು ಯಾರಿಗೆ ಋಣಿ? ಎಂಬತ್ತೈದು ವರ್ಷಗಳಿಗೂ ಮಿಕ್ಕ ಈ ಸಾಹಿತ್ಯವನ್ನು ಈ ಎರಡನೆಯ ಪ್ರಶ್ನೆ ಹಿಡಿದು ಓದಿದರೆ ಅದರ ಚರಿತ್ರೆ ಬೇರೆಯಾಗಿಯೇ ಕಾಣುತ್ತದೆ.

ಆರಂಭದ ದಿನಗಳಲ್ಲಿ ಮೂಲ ಯಾವುದಾದರೂ ನಡೆಯುತ್ತಿತ್ತು. 1940ರಲ್ಲಿ ಬಂದ ಮೊದಲ ಫ್ಲ್ಯಾಶ್, ಜೇ ಗ್ಯಾರಿಕ್, ಪ್ರಯೋಗಾಲಯದಲ್ಲಿ ಗಡಸು ನೀರಿನ ಆವಿ ಉಸಿರಾಡಿ ಮಿಂಚಿನ ಓಟಗಾರನಾದ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿದ ನೀರಿಗೆ ಅಂಥ ಗುಣವಿಲ್ಲವೆಂದು ಮುಂದಿನ ಬರಹಗಾರರಿಗೆ ಮುಜುಗರವಾಗಿ, ಅದು ಪರಮಾಣು ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಎಂದು ತಿದ್ದಿದರು. ಅದೇ ವರ್ಷ ಬಂದ ಕ್ಯಾಪ್ಟನ್ ಮಾರ್ವೆಲ್‌ನ ಕಥೆ ಇದಕ್ಕಿಂತ ಎಷ್ಟೋ ಗಟ್ಟಿ. ಬಿಲ್ಲಿ ಬ್ಯಾಟ್ಸನ್ ಎಂಬ ಅನಾಥ ಪೇಪರ್ ಹುಡುಗನನ್ನು ನೆಲದಡಿಯ ರೈಲು ಸುರಂಗಕ್ಕೆ ಕರೆದೊಯ್ಯಲಾಗುತ್ತದೆ. ಅಲ್ಲಿ ಕುಳಿತ ಮುದಿ ಮಾಂತ್ರಿಕ ತನ್ನ ಹೆಸರನ್ನೇ ಮಂತ್ರವಾಗಿ ಕೊಡುತ್ತಾನೆ. ‘ಶಜಾಮ್’ ಎಂದರೆ ಸಾಕು, ಸಾಲೊಮನ್‌ನ ಜ್ಞಾನ, ಹರ್ಕ್ಯುಲಿಸನ ಬಲ, ಅಟ್ಲಾಸನ ತಾಳ್ಮೆ, ಜ್ಯೂಸನ ಪ್ರಭಾವ, ಅಕಿಲೀಸನ ಧೈರ್ಯ, ಮರ್ಕ್ಯುರಿಯ ವೇಗ. ಇದು ನೇರವಾಗಿ ಉಪದೇಶ, ದೀಕ್ಷೆ. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ಬೆಳೆದ ಅಮೆರಿಕದ ಮಕ್ಕಳಿಗೆ, ಬೀದಿಯಲ್ಲಿ ಪತ್ರಿಕೆ ಮಾರುವ ದಿಕ್ಕಿಲ್ಲದ ಹುಡುಗನನ್ನು ಯಾರೋ ಹಿರಿಯರು ಗುರುತಿಸಿ ಆರಿಸಿಕೊಂಡರು ಎಂಬುದೇ ದೊಡ್ಡ ಸಮಾಧಾನವಾಗಿದ್ದಿರಬೇಕು. ನಲವತ್ತರ ದಶಕದಲ್ಲಿ ಒಂದಷ್ಟು ಕಾಲ ಇವನ ಪುಸ್ತಕ ಸೂಪರ್‌ಮ್ಯಾನ್‌ನದಕ್ಕಿಂತ ಹೆಚ್ಚು ಮಾರಾಟವಾಯಿತು.

ಮಂತ್ರದ ಆಯುಷ್ಯ ಬಹಳವಿರಲಿಲ್ಲ. 1940ರ ಗ್ರೀನ್ ಲ್ಯಾಂಟರ್ನ್‌ನ ಉಂಗುರ ಮಾಯಾದೀಪದಿಂದ ಮಾಡಿದ್ದು. 1959ರಲ್ಲಿ ಹಾಲ್ ಜೋರ್ಡಾನ್‌ಗೆ ಸಿಗುವ ಉಂಗುರ ಅಂತರಿಕ್ಷದ ಕಾವಲು ಪಡೆಯ ಆಯುಧ. 1956ರ ಹೊಸ ಫ್ಲ್ಯಾಶ್ ಬ್ಯಾರಿ ಅಲನ್ ಪೊಲೀಸ್ ಪ್ರಯೋಗಾಲಯದ ನೌಕರ. ಸಿಡಿಲು ಬಡಿದು ರಾಸಾಯನಿಕಗಳು ಮೈಮೇಲೆ ಚೆಲ್ಲಿ ಶಕ್ತಿ ಬಂತು. ಈ ಬದಲಾವಣೆಯ ಹಿಂದಿದ್ದ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ವೈಜ್ಞಾನಿಕ ಕಥೆಗಳ ಲೋಕದಿಂದಲೇ ಬಂದವರು. ಮಾಂತ್ರಿಕ ಕೂತಿದ್ದ ಜಾಗದಲ್ಲಿ ವಿಜ್ಞಾನಿ ಬಂದು ಕೂತ. ಆದರೆ ವಿಜ್ಞಾನಿಗೆ ಸಂಬಳ ಕೊಡುವವರು ಯಾರು?

ಕ್ಯಾಪ್ಟನ್ ಅಮೆರಿಕದ ಕಥೆ ಎತ್ತುವುದು ಇದೇ ಪ್ರಶ್ನೆಯನ್ನು. 1941ರ ಮಾರ್ಚ್ ಮುದ್ರೆಯ ಮೊದಲ ಸಂಚಿಕೆ ಅಂಗಡಿಗೆ ಬಂದದ್ದು ಹಿಂದಿನ ಡಿಸೆಂಬರಿನಲ್ಲಿ. ಅಮೆರಿಕ ಯುದ್ಧಕ್ಕೆ ಇಳಿಯಲು ಇನ್ನೂ ಒಂದು ವರ್ಷವಿತ್ತು. ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಿದ್ದ. ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಕಲ್ಪಿಸಿದ ಸ್ಟೀವ್ ರೋಜರ್ಸ್ ಸೇನೆಗೆ ಸೇರಲು ಹೋಗಿ ತೀರಾ ಬಡಕಲೆಂದು ತಿರಸ್ಕೃತನಾದವನು. ಗುಟ್ಟಾದ ಪ್ರಯೋಗಾಲಯದಲ್ಲಿ ಚುಚ್ಚಿದ ಒಂದು ಔಷಧ ಅವನನ್ನು ಮಹಾಯೋಧನನ್ನಾಗಿ ಮಾಡುತ್ತದೆ. ಔಷಧ ಕಂಡುಹಿಡಿದವನನ್ನು ಅಲ್ಲೇ ನಾಜಿ ಗೂಢಚಾರ ಕೊಲ್ಲುತ್ತಾನೆ, ಸೂತ್ರ ಅವನೊಂದಿಗೆ ಮಣ್ಣಾಗುತ್ತದೆ. ಇದು ಪೂರ್ತಿ ಗಾಳಿಯ ಮಾತಲ್ಲ. ಅದೇ ಯುದ್ಧದಲ್ಲಿ ಜರ್ಮನ್ ಸೈನಿಕರು ಪೆರ್ವಿಟಿನ್ ನುಂಗಿ, ಬ್ರಿಟಿಷ್ ಮತ್ತು ಅಮೆರಿಕದ ಸೈನಿಕರು ಬೆಂಜೆಡ್ರಿನ್ ನುಂಗಿ ನಿದ್ದೆಗೆಟ್ಟು ಹೋರಾಡಿದರು. ಸೈನಿಕನ ಮೈಯನ್ನು ಔಷಧದಿಂದ ತಿದ್ದಬಹುದೆಂಬ ನಂಬಿಕೆ ಅಂದಿನ ಸೇನೆಗಳಲ್ಲೇ ಇತ್ತು.

ರೋಜರ್ಸ್ ತಾನಾಗಿ ಒಪ್ಪಿದ, ಕೊಟ್ಟದ್ದು ಸರ್ಕಾರ, ಹಾಗಾಗಿ ಅವನು ದೇಶಕ್ಕೆ ಋಣಿ. ಈ ಲೆಕ್ಕವನ್ನು ಬಹುಕಾಲ ಆಳವಾಗಿ ಕೆದಕಿದವರು ಕಡಿಮೆ. 2003ರಲ್ಲಿ ರಾಬರ್ಟ್ ಮೊರಾಲೆಸ್ ಮತ್ತು ಕೈಲ್ ಬೇಕರ್ ‘ಟ್ರುತ್: ರೆಡ್, ವೈಟ್ ಅಂಡ್ ಬ್ಲ್ಯಾಕ್’ ಎಂಬ ಕಿರುಸರಣಿ ತಂದರು. ಸೂತ್ರ ಕಳೆದುಹೋದ ಮೇಲೆ ಸೇನೆ ಅದನ್ನು ಮತ್ತೆ ಕಟ್ಟಲು ಕಪ್ಪು ಸೈನಿಕರ ಮೇಲೆ, ಅವರಿಗೆ ಹೇಳದೆ ಕೇಳದೆ, ಪ್ರಯೋಗ ಮಾಡಿತು ಎಂಬುದು ಅದರ ಕಥೆ. ಬಹುಪಾಲು ಸೈನಿಕರು ಸಾಯುತ್ತಾರೆ. ಉಳಿದು ನಿಂತ ಐಸಾಯ ಬ್ರಾಡ್ಲಿಗೆ ಸಿಕ್ಕ ಬಹುಮಾನ ಸೆರೆಮನೆ. ಈ ಕಲ್ಪನೆಯ ಹಿಂದೆ ನಡೆದ ಘಟನೆಯೊಂದಿದೆ. ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ನೂರಾರು ಕಪ್ಪು ಗಂಡಸರ ಸಿಫಿಲಿಸ್ ರೋಗಕ್ಕೆ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುತ್ತದೆಂದು ನೋಡುತ್ತಾ ಕೂತಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಈ ಸುದ್ದಿ ಹೊರಬಿದ್ದ 1972ರಲ್ಲೇ ಕಾಮಿಕ್ಸ್‌ನಲ್ಲಿ ಲೂಕ್ ಕೇಜ್ ಬಂದಿದ್ದ: ಮಾಡದ ತಪ್ಪಿಗೆ ಜೈಲು ಸೇರಿ, ಬಿಡುಗಡೆಯ ಆಸೆಗೆ ವೈದ್ಯಕೀಯ ಪ್ರಯೋಗಕ್ಕೆ ಮೈಯೊಡ್ಡಿ, ಗುಂಡು ತೂರದ ಚರ್ಮ ಪಡೆದ ಕಪ್ಪು ನಾಯಕ. ಇಂಥ ಕಥೆಗಳಲ್ಲಿ ಲೆಕ್ಕ ತಿರುಗುಮುರುಗು. ಶಕ್ತಿ ಪಡೆದವನು ಋಣಿಯಲ್ಲ, ಸಮಾಜವೇ ಅವನಿಗೆ ಬಾಕಿ. ಲೂಕ್ ಕೇಜ್ ಕೂಲಿ ತೆಗೆದುಕೊಂಡು ರಕ್ಷಣೆಯ ಕೆಲಸ ಮಾಡುತ್ತಾನೆ. ಅದು ಹಣದಾಸೆ ಎಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ತನ್ನ ಮೈಯಿಂದ ಕಿತ್ತುಕೊಂಡದ್ದಕ್ಕೆ ಬೆಲೆ ಕಟ್ಟುವ ಹಕ್ಕು ಅದು. ವುಲ್ವರಿನ್‌ನ ಮೂಳೆಗೆ ಲೋಹ ಹೊಯ್ದ ಕಥೆಯೂ ಇದೇ ಸಾಲಿನದು. 1991ರಲ್ಲಿ ಬ್ಯಾರಿ ವಿಂಡ್ಸರ್-ಸ್ಮಿತ್ ಬರೆದು ಚಿತ್ರಿಸಿದ ‘ವೆಪನ್ ಎಕ್ಸ್’ನಲ್ಲಿ ಅವನು ಪುಟಗಟ್ಟಲೆ ತಂತಿ ಚುಚ್ಚಿಸಿಕೊಂಡ ಪ್ರಾಣಿಯಂತೆ ತೊಟ್ಟಿಯಲ್ಲಿ ಬಿದ್ದಿರುತ್ತಾನೆ.

ಎಲ್ಲರಿಗೂ ಹೆಚ್ಚು ಗೊತ್ತಿರುವುದು ವಿಕಿರಣದ ಕಾಲ. ಮೂರೇ ವರ್ಷಗಳ ಒಳಗೆ ಸ್ಟಾನ್ ಲೀ, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೋ ಮುಂತಾದವರು ಸೇರಿ ಇಡೀ ಒಂದು ಲೋಕವನ್ನೇ ಕಟ್ಟಿದರು. 1961ರ ಏಪ್ರಿಲ್ 12ರಂದು ಗಗಾರಿನ್ ಭೂಮಿ ಸುತ್ತಿಬಂದ. ಅದೇ ನವೆಂಬರ್ ಮುದ್ರೆಯ ‘ಫೆಂಟಾಸ್ಟಿಕ್ ಫೋರ್’ನಲ್ಲಿ ನಾಲ್ವರು ರಷ್ಯನ್ನರಿಗಿಂತ ಮುಂದಾಗಬೇಕೆಂಬ ಅವಸರದಲ್ಲಿ ರಕ್ಷಾಕವಚ ಸಾಲದ ರಾಕೆಟ್ ಏರಿ ಕಾಸ್ಮಿಕ್ ಕಿರಣಗಳಿಗೆ ಸಿಕ್ಕಿಬಿದ್ದರು. 1962ರಲ್ಲಿ ಬ್ರೂಸ್ ಬ್ಯಾನರ್ ತಾನೇ ವಿನ್ಯಾಸ ಮಾಡಿದ ಗ್ಯಾಮಾ ಬಾಂಬಿನ ಪರೀಕ್ಷೆಗೆ ಸಿಕ್ಕಿ ಹಲ್ಕ್ ಆದ, ಪೀಟರ್ ಪಾರ್ಕರ್‌ಗೆ ವಿಕಿರಣ ತಾಗಿದ ಜೇಡ ಕಚ್ಚಿ ಅವನು ಸ್ಪೈಡರ್‌ಮ್ಯಾನ್ ಆದ. 1964ರಲ್ಲಿ ಲಾರಿಯಿಂದ ಬಿದ್ದ ವಿಕಿರಣ ವಸ್ತು ಮ್ಯಾಟ್ ಮರ್ಡಾಕ್ ಎಂಬ ಹುಡುಗನ ಕಣ್ಣು ಕಿತ್ತುಕೊಂಡು ಉಳಿದ ಇಂದ್ರಿಯಗಳನ್ನು ಹರಿತ ಮಾಡಿತು.

ನಿಜವಾದ ವಿಕಿರಣ ಯಾರಿಗೂ ಬಲ ಕೊಡುವುದಿಲ್ಲ. ಅದು ಜೀವಕೋಶದ ಒಳಗಿನ ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ಕಡಿದದ್ದು ಸರಿಯಾಗಿ ಕೂಡಿಕೊಳ್ಳದಿದ್ದರೆ ಕೋಶ ಸಾಯುತ್ತದೆ, ಇಲ್ಲವೇ ಕ್ಯಾನ್ಸರ್ ಆಗುತ್ತದೆ. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಒಂದು ಮೀನುದೋಣಿಯ ಮೇಲೆ ಬಿತ್ತು. ದೋಣಿಯಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು, ಒಬ್ಬರು ಅದೇ ವರ್ಷ ತೀರಿಕೊಂಡರು. ಆ ವರ್ಷದ ಕೊನೆಗೆ ಜಪಾನಿನ ಚಿತ್ರಮಂದಿರಗಳಿಗೆ ಗಾಡ್ಜಿಲ್ಲಾ ಬಂತು: ಬಾಂಬು ಎಬ್ಬಿಸಿದ, ನಗರಗಳನ್ನು ತುಳಿಯುವ ಪ್ರಾಣಿ. ಬಾಂಬು ಬಿದ್ದ ದೇಶದಲ್ಲಿ ವಿಕಿರಣ ಎಂದರೆ ಶಿಕ್ಷೆ, ಬಾಂಬು ಹಾಕಿದ ದೇಶದಲ್ಲಿ ಅದೇ ವರ. ಮೊದಲ ನೋಟಕ್ಕೆ ಇದು ಕ್ರೌರ್ಯವೆನ್ನಿಸುತ್ತದೆ.

ಆದರೆ ಈ ಕಥೆಗಳನ್ನು ಮತ್ತೆ ಓದಿದಾಗ ಆ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ಅಮೆರಿಕದ ಈ ವರಗಳೂ ಪೂರ್ತಿ ವರಗಳಲ್ಲ. ಬ್ಯಾನರ್ ಪರೀಕ್ಷಾ ಮೈದಾನಕ್ಕೆ ಓಡಿದ್ದು ಪಂತ ಕಟ್ಟಿ ಒಳನುಗ್ಗಿದ್ದ ಹುಡುಗನೊಬ್ಬನನ್ನು ಕಾಪಾಡಲು. ಹುಡುಗ ಉಳಿದ, ಬಾಂಬಿನ ವಿಷವನ್ನೆಲ್ಲ ಬಾಂಬು ಮಾಡಿದವನ ಮೈಯೇ ಹೀರಿಕೊಂಡಿತು. ವಿಜ್ಞಾನಿಗಳಿಗೆ ಆ ಕಾಲ ನ್ಯಾಯಾಲಯದಲ್ಲಿ ಕೊಡದ ತೀರ್ಪನ್ನು ಒಂದು ಹನ್ನೆರಡು ಸೆಂಟಿನ ಪುಸ್ತಕ ಕೊಟ್ಟಿತು ಎಂದೇ ನಾನು ಓದಿಕೊಳ್ಳುತ್ತೇನೆ. ಫೆಂಟಾಸ್ಟಿಕ್ ಫೋರ್‌ನಲ್ಲಿ ಇನ್ನೂ ಸೂಕ್ಷ್ಮವಾದದ್ದು ನಡೆಯುತ್ತದೆ. ಕಾಸ್ಮಿಕ್ ಕಿರಣದ ಅಪಾಯ ಎಷ್ಟೆಂದು ಗೊತ್ತಿಲ್ಲ ಎಂದು ಮೊದಲೇ ಎಚ್ಚರಿಸಿದವನು ಪೈಲಟ್ ಬೆನ್ ಗ್ರಿಮ್. ಹೇಡಿ ಎನ್ನಿಸಿಕೊಂಡ ಮೇಲೆ ಅವನು ಹೊರಡಲು ಒಪ್ಪಿದ. ಹಿಂದಿರುಗಿದಾಗ ಮೂವರಿಗೆ ಬೇಕೆಂದಾಗ ಬಳಸಿ ಬಿಡಬಹುದಾದ ಶಕ್ತಿ ಸಿಕ್ಕಿತ್ತು; ಬೆನ್ ಒಬ್ಬ ಶಾಶ್ವತವಾಗಿ ಕಲ್ಲಿನ ಮೈಯವನಾದ. ಅವಸರ ಮಾಡಿದ ಗೆಳೆಯ ರೀಡ್ ರಿಚರ್ಡ್ಸ್ ಅಂದಿನಿಂದ ಇಂದಿನವರೆಗೆ ಆ ಮುಖಕ್ಕೆ ಮದ್ದು ಹುಡುಕುತ್ತಲೇ ಇದ್ದಾನೆ. ಆ ಸರಣಿಯ ಲೋಕಕಂಟಕರೆಲ್ಲ ಮರೆತುಹೋದರೂ ಈ ಋಣ ಮರೆಯುವುದಿಲ್ಲ.

ಜೇಡದ ಕಥೆಗೆ ಬಂದರೆ ಬರಹಗಾರರ ಮುಂದೆ ಒಂದು ನಿಜವಾದ ತೊಡಕಿತ್ತು. ಸೂಪರ್‌ಮ್ಯಾನ್‌ಗೆ ಸಾಕಿದ ತಂದೆತಾಯಿ ಇದ್ದರು, ರೋಜರ್ಸ್‌ಗೆ ದೇಶವಿತ್ತು, ಬಿಲ್ಲಿಗೆ ಗುರುವಿದ್ದ. ಜೇಡಕ್ಕೆ ಯಾರು ಋಣಿಯಾಗುತ್ತಾರೆ? ಅದು ಯಾರನ್ನೂ ಆರಿಸಲಿಲ್ಲ, ಕಚ್ಚಿ ಸತ್ತುಹೋಯಿತು. ಆಕಸ್ಮಿಕವಾಗಿ ಬಂದ ಬಲದ ಮೇಲೆ ಯಾರ ಹಕ್ಕೂ ಇಲ್ಲ. ಆದ್ದರಿಂದ ಪೀಟರ್ ಮೊದಲು ಮಾಡುವ ಕೆಲಸ ತೀರಾ ಸಹಜವಾದದ್ದು: ಕುಸ್ತಿ ಕಣಕ್ಕಿಳಿದು ಹಣ ಗೆಲ್ಲುತ್ತಾನೆ, ಟಿವಿಯಲ್ಲಿ ಕಾಣಿಸಿಕೊಳ್ಳುತ್ತಾನೆ. ಸ್ಟುಡಿಯೋದಲ್ಲಿ ಓಡಿಬಂದ ಕಳ್ಳನನ್ನು ತಡೆಯದೆ ಬಿಡುತ್ತಾನೆ, ತನಗೇನು ಎಂದು. ಕೆಲವು ದಿನಗಳ ಮೇಲೆ ಅದೇ ಕಳ್ಳ ಅವನ ದೊಡ್ಡಪ್ಪ ಬೆನ್‌ನನ್ನು ಕೊಲ್ಲುತ್ತಾನೆ. ಸಾಲ ಕೊಟ್ಟವರೇ ಇಲ್ಲದ ಶಕ್ತಿಗೆ ಬರಹಗಾರರು ಹೀಗೆ ಒಬ್ಬ ಸಾಲದಾತನನ್ನು ಹುಟ್ಟಿಸಿದರು. ಶಕ್ತಿಯ ಜೊತೆ ಹೊಣೆಯೂ ಬರುತ್ತದೆಂಬ ಆ ಪ್ರಸಿದ್ಧ ಮಾತನ್ನು ಸಿನಿಮಾಗಳು ದೊಡ್ಡಪ್ಪನ ಬಾಯಲ್ಲಿ ಇಟ್ಟಿವೆ. 1962ರ ಮೂಲ ಪುಟದಲ್ಲಿ ಅದು ಯಾರೂ ಆಡಿದ ಮಾತಲ್ಲ. ಕೊನೆಯ ಚೌಕದಲ್ಲಿ, ಕತ್ತಲಲ್ಲಿ ನಡೆದುಹೋಗುವ ಹುಡುಗನ ಮೇಲೆ ಬರೆದ ನಿರೂಪಣೆ. ನನಗೆ ಮೂಲವೇ ಸರಿ ಎನ್ನಿಸುತ್ತದೆ. ಹಿರಿಯರು ಉಪದೇಶಿಸಿ ಹೊರಿಸಿದ ಹೊಣೆಗಿಂತ, ಹೇಳುವವರು ಇಲ್ಲವಾದ ಮೇಲೆ ತಾನೇ ಕಂಡುಕೊಂಡ ಹೊಣೆ ಭಾರವಾದದ್ದು. ಮುಂದೆ 2002ರ ಸಿನಿಮಾದಲ್ಲಿ ವಿಕಿರಣದ ಜೇಡ ಹೋಗಿ ವಂಶವಾಹಿ ತಿದ್ದಿದ ಜೇಡ ಬಂತು. ಮಾನವ ಜೀನೋಮಿನ ಕರಡು ನಕ್ಷೆ ಸಿದ್ಧವೆಂದು ಘೋಷಣೆಯಾಗಿ ಆಗ ಎರಡು ವರ್ಷವಷ್ಟೇ ಆಗಿತ್ತು. ಜನರ ಭಯ ಬಾಂಬಿನಿಂದ ಪ್ರಯೋಗಾಲಯಕ್ಕೆ ಸರಿದಿತ್ತು. ಜೇಡ ಬದಲಾಯಿತು, ದೊಡ್ಡಪ್ಪನ ಸಾವು ಹಾಗೇ ಉಳಿಯಿತು.

ಪ್ರತಿ ನಾಯಕನಿಗೂ ಒಂದು ಅಪಘಾತ ಹೊಸೆಯುವುದು ಸ್ಟಾನ್ ಲೀಗೆ ಸಾಕಾಗಿತ್ತು. ಹುಟ್ಟುತ್ತಲೇ ಹೀಗೆ ಎಂದುಬಿಟ್ಟರೆ ವಿವರಣೆಯೇ ಬೇಕಿಲ್ಲವೆಂದು 1963ರಲ್ಲಿ ‘ಎಕ್ಸ್-ಮೆನ್’ ಹುಟ್ಟಿತೆಂದು ಅವರೇ ಮುಂದೆ ಹಲವು ಬಾರಿ ಹೇಳಿಕೊಂಡರು. ಎಕ್ಸ್-ಕಿರಣ ತಾಗಿಸಿದ ಹಣ್ಣುನೊಣಗಳಲ್ಲಿ ವಂಶವಾಹಿ ಬದಲಾಗುತ್ತದೆಂದು ಹರ್ಮನ್ ಮುಲ್ಲರ್ 1927ರಲ್ಲಿ ತೋರಿಸಿದ್ದರು, ಅದಕ್ಕೆ 1946ರಲ್ಲಿ ನೊಬೆಲ್ ಬಂದಿತ್ತು. ಹಾಗಾಗಿ ವಂಶವಾಹಿ ಬದಲಾಗಿ ಹುಟ್ಟುವ ಮ್ಯೂಟಂಟ್ ಎನ್ನುವ ಕಲ್ಪನೆ ಓದುಗರಿಗೆ ತೀರಾ ಹೊಸದಾಗಿರಲಿಲ್ಲ. ಶ್ರಮ ಉಳಿಸಲು ಹುಡುಕಿದ ಈ ಅಡ್ಡದಾರಿ ಇಡೀ ಪ್ರಕಾರದ ಅತಿ ಆಳದ ರೂಪಕವಾಯಿತು. ಹುಟ್ಟಿನಿಂದ ಬಂದ ಶಕ್ತಿಗೆ ಯಾರ ಉಪಕಾರವೂ ಇಲ್ಲ, ಅಪರಾಧವೂ ಇಲ್ಲ. ಆದರೂ ಸಮಾಜ ಹುಟ್ಟನ್ನೇ ಅಪರಾಧವೆಂದು ಬಗೆಯುತ್ತದೆ. 1975ರ ಹೊಸ ತಂಡದಲ್ಲಿ ಕೀನ್ಯಾದ ಸ್ಟಾರ್ಮ್, ಜರ್ಮನಿಯ ನೈಟ್‌ಕ್ರಾಲರ್, ಸೋವಿಯತ್ ರೈತನ ಮಗ ಕೊಲಾಸಸ್ ಬಂದರು. ಮುಂದೆ ಬರಹಗಾರ ಕ್ರಿಸ್ ಕ್ಲೇರ್‌ಮಾಂಟ್ ಖಳನಾಯಕ ಮ್ಯಾಗ್ನೆಟೋನನ್ನು ಆಶ್‌ವಿಟ್ಸ್‌ನಿಂದ ಬದುಕಿ ಬಂದ ಯಹೂದಿಯಾಗಿ ಚಿತ್ರಿಸಿದ ಮೇಲೆ ಅವನ ಕೋಪಕ್ಕೆ ಉತ್ತರ ಹೇಳುವುದು ಸುಲಭವಾಗಿ ಉಳಿಯಲಿಲ್ಲ. ಜನಾಂಗದ್ವೇಷವನ್ನೋ ಸಲಿಂಗಿಗಳ ಮೇಲಿನ ದ್ವೇಷವನ್ನೋ ಅನುಭವಿಸಿದ ತಲೆಮಾರುಗಳು ಈ ಪುಸ್ತಕದಲ್ಲಿ ತಮ್ಮನ್ನು ಕಂಡುಕೊಂಡವು. ಪಂಪನನ್ನು ಓದಿದವರಿಗೆ ಇಲ್ಲಿ ಕರ್ಣ ನೆನಪಾಗದೆ ಇರುವುದಿಲ್ಲ. ಕವಚ ಕುಂಡಲಗಳೊಡನೆ ಹುಟ್ಟಿಯೂ ಕುಲದ ಮಾತಿಗೆ ತಲೆತಗ್ಗಿಸಬೇಕಾದವನು, ತನ್ನನ್ನು ಮನ್ನಿಸಿದ ಒಬ್ಬನ ಋಣಕ್ಕೆ ಕೊನೆಯವರೆಗೂ ನಿಂತವನು. ದುರ್ಯೋಧನ ಅವನನ್ನು ಅಪ್ಪಿಕೊಂಡಂತೆಯೇ ಮ್ಯಾಗ್ನೆಟೋ ಬೀದಿಪಾಲಾದ ಮ್ಯೂಟಂಟ್ ಮಕ್ಕಳನ್ನು ಅಪ್ಪಿಕೊಳ್ಳುತ್ತಾನೆ.

ಹೆಣ್ಣು ನಾಯಕಿಯರ ವಿಷಯಕ್ಕೆ ಬಂದರೆ ನನಗೆ ಸಮಾಧಾನವಿಲ್ಲ. ಬಹುಕಾಲ ಅವರಿಗೆ ಶಕ್ತಿ ಬಂದದ್ದು ಗಂಡಸರ ಮೂಲಕ. 1959ರ ಸೂಪರ್‌ಗರ್ಲ್ ಸೂಪರ್‌ಮ್ಯಾನ್‌ನ ಚಿಕ್ಕಪ್ಪನ ಮಗಳು. 1980ರ ಶೀ-ಹಲ್ಕ್‌ಗೆ ಶಕ್ತಿ ಬಂದದ್ದು ಸೋದರ ಸಂಬಂಧಿ ಬ್ಯಾನರ್ ಕೊಟ್ಟ ರಕ್ತದಿಂದ. ಇದಕ್ಕೆ ದೊಡ್ಡ ಅಪವಾದ 1941ರ ಕೊನೆಗೆ ಬಂದ ವಂಡರ್ ವುಮನ್. ಸುಳ್ಳುಪತ್ತೆ ಪರೀಕ್ಷೆಗೆ ರಕ್ತದೊತ್ತಡದ ವಿಧಾನ ರೂಪಿಸಿದ್ದ ಮನಶ್ಶಾಸ್ತ್ರಜ್ಞ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಅವಳನ್ನು ಕಲ್ಪಿಸಿದಾಗ ತಂದೆಯನ್ನೇ ಇಡಲಿಲ್ಲ. ತಾಯಿ ಹಿಪೊಲಿಟಾ ಜೇಡಿಮಣ್ಣಿನಲ್ಲಿ ಮಗುವನ್ನು ತಿದ್ದಿದಳು, ದೇವತೆ ಜೀವ ಕೊಟ್ಟಳು, ಮಿಕ್ಕದ್ದು ಅಮೆಜಾನ್ ಹೆಂಗಸರ ತರಬೇತಿ. ಆ ಬಲದಲ್ಲಿ ಕಲಿತು ಗಳಿಸಿದ್ದೂ ಇತ್ತು ಎಂಬುದು ಅದರ ಸೊಗಸು. 2011ರಲ್ಲಿ ಪ್ರಕಾಶಕರು ಎಲ್ಲವನ್ನೂ ಹೊಸದಾಗಿ ಆರಂಭಿಸಿದಾಗ ಅವಳನ್ನು ಜ್ಯೂಸ್ ದೇವನ ಮಗಳಾಗಿ ಮಾಡಿದರು. ಕಥೆ ಬಿಗಿಯಾಯಿತು, ಒಪ್ಪುತ್ತೇನೆ. ಆದರೆ ತಾಯಂದಿರ ಕೈಯಲ್ಲಿ ಮೂಡಿದ್ದ ಶಕ್ತಿ ಒಬ್ಬ ಅಪ್ಪನ ಆಸ್ತಿಯಾದದ್ದು ದೊಡ್ಡ ನಷ್ಟ. ಇದಕ್ಕೆ ತದ್ವಿರುದ್ಧವಾದದ್ದು ಕ್ಯಾರಲ್ ಡಾನ್ವರ್ಸ್‌ಗೆ ಆಯಿತು. ಅನ್ಯಗ್ರಹದ ವೀರನೊಬ್ಬನ ಪಕ್ಕದಲ್ಲಿದ್ದಾಗ ಯಂತ್ರ ಸಿಡಿದು ಅವನ ಗುಣಗಳು ಅವಳಿಗೆ ಬೆರೆತವು ಎಂಬುದು ನಾಲ್ಕು ದಶಕಗಳ ಕಥೆಯಾಗಿತ್ತು. 2018ರಲ್ಲಿ ಮಾರ್ಗರೆಟ್ ಸ್ಟೋಲ್ ಅದನ್ನು ತಿರುವಿದರು: ಕ್ಯಾರಲ್‌ಳ ತಾಯಿಯೇ ಆ ಗ್ರಹದ ಯೋಧೆ, ಶಕ್ತಿ ಮೊದಲಿಂದಲೂ ಮಗಳ ರಕ್ತದಲ್ಲಿತ್ತು, ಸ್ಫೋಟ ಅದನ್ನು ಎಬ್ಬಿಸಿತು ಅಷ್ಟೇ. ಆ ಒಂದು ತಿದ್ದುಪಡಿಯಲ್ಲಿ ಅವಳು ಪರಪುರುಷನ ಹಂಗಿನಿಂದ ಹೊರಬಂದಳು.

ಶಕ್ತಿಯೇ ಇಲ್ಲದವರೂ ಈ ಲೋಕದಲ್ಲಿದ್ದಾರೆ. ಬ್ಯಾಟ್‌ಮ್ಯಾನ್‌ಗೆ ಹಣವಿದೆ, ಐರನ್ ಮ್ಯಾನ್‌ಗೆ ಹಣವೂ ಯಂತ್ರವೂ ಇವೆ. ಅವರಿಗಿಂತಲೂ ಮೊದಲೇ, 1936ರಲ್ಲಿ ಲೀ ಫಾಕ್ ಪತ್ರಿಕೆಗಳ ಚಿತ್ರಪಟ್ಟಿಗೆಂದು ಫ್ಯಾಂಟಮ್‌ನನ್ನು ಸೃಷ್ಟಿಸಿದ್ದರು. ನಮ್ಮಲ್ಲಿ ಒಂದು ತಲೆಮಾರು ಬೆಳೆದದ್ದೇ ಅವನನ್ನು ಓದಿಕೊಂಡು. 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಆರಂಭಿಸಿದ ಇಂದ್ರಜಾಲ್ ಕಾಮಿಕ್ಸ್ ಅವನನ್ನು ಕನ್ನಡವೂ ಸೇರಿ ಹಲವು ಭಾಷೆಗಳಿಗೆ ತಂದಿತು. ಕಡಲುಗಳ್ಳರು ಕೊಂದ ತಂದೆಯ ಹೆಸರಿನಲ್ಲಿ, ಕೊಲೆಗಾರನ ತಲೆಬುರುಡೆ ಮುಟ್ಟಿ 1536ರಲ್ಲಿ ಒಬ್ಬ ಮಾಡಿದ ಪ್ರತಿಜ್ಞೆ. ಅದನ್ನು ಹೊತ್ತು ಬಂದವನು 21ನೆಯವನು. ಕಾಡಿನ ಜನರನ್ನು ಕಾಯಲು ಬಿಳಿಯನೇ ಬೇಕು ಎನ್ನುವ ಆ ಕಥೆಯ ವಸಾಹತು ದೃಷ್ಟಿಯನ್ನು ಇಂದು ಒಪ್ಪಲಾಗದು. ಆದರೆ ಋಣದ ಪ್ರಶ್ನೆಗೆ ಫ್ಯಾಂಟಮ್‌ನಷ್ಟು ಶುದ್ಧ ಉದಾಹರಣೆ ಬೇರೆ ಸಿಗದು. ಶಕ್ತಿ ಏನೂ ಇಲ್ಲ, ಇರುವುದು ಋಣ ಮಾತ್ರ, ಅದೂ ಇಪ್ಪತ್ತು ತಲೆಮಾರಿನದು.

ಇಂದ್ರಜಾಲದ ಆರಂಭದಲ್ಲಿ ಕೆಲಸ ಮಾಡಿದ್ದ ಅನಂತ ಪೈ 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. 1967ರಲ್ಲಿ ಅವರು ಅಮರ ಚಿತ್ರ ಕಥಾ ಶುರುಮಾಡಿದ ಮೇಲೆ ಭಾರತದ ಮಕ್ಕಳ ಕೈಗೆ ಬೇರೆಯದೇ ನಾಯಕರು ಬಂದರು. ಪುರಾಣದ ನಾಯಕನಿಗೂ ಅಸುರನಿಗೂ ಶಕ್ತಿ ಬರುವ ಹೆದ್ದಾರಿ ತಪಸ್ಸು. ಅಲ್ಲಿ ಲೆಕ್ಕವೇ ಬೇರೆ. ತಪಸ್ಸು ಮಾಡಿದವನು ಬೆಲೆಯನ್ನು ಮುಂಗಡವಾಗಿ ತೆತ್ತಾಗಿದೆ, ಕೊಡಲೇಬೇಕಾದ ಕಟ್ಟಿಗೆ ಬಿದ್ದವನು ದೇವರು. ಭಸ್ಮಾಸುರ ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಡಬಲ್ಲ, ಏಕೆಂದರೆ ಅವನು ಯಾರಿಗೂ ಏನೂ ಉಳಿಸಿಕೊಂಡಿಲ್ಲ. ಗಳಿಸಿದ ಶಕ್ತಿ ಹೊಣೆಯನ್ನು ತರುವುದೇ ಇಲ್ಲ ಎಂಬ ಈ ಎಚ್ಚರಿಕೆ ಅಮೆರಿಕದ ಕಾಮಿಕ್ಸ್‌ಗೆ ಹೊಳೆದದ್ದು ಅಪರೂಪ. ಅಲ್ಲಿ ಕಲಿತು ಗಳಿಸಿದವರೇ ಕಡಿಮೆ. 1963ರ ಡಾಕ್ಟರ್ ಸ್ಟ್ರೇಂಜ್ ಒಬ್ಬನಿದ್ದಾನೆ: ಅಪಘಾತದಲ್ಲಿ ಕೈಯ ಕಸುವು ಕಳೆದುಕೊಂಡ ದುರಹಂಕಾರಿ ಶಸ್ತ್ರವೈದ್ಯ, ಹಿಮಾಲಯದಲ್ಲಿ ಮುದಿ ಗುರುವಿನ ಕಾಲಬುಡದಲ್ಲಿ ಕೂತು ವಿದ್ಯೆ ಕಲಿಯುತ್ತಾನೆ.

ಹಿಂದಿಯ ರಾಜ್ ಕಾಮಿಕ್ಸ್ 1986ರಲ್ಲಿ ತಂದ ನಾಗರಾಜ್‌ನಲ್ಲಿ ಎರಡೂ ಸಂಪ್ರದಾಯ ಕೂಡಿದವು. ದೇಹದೊಳಗೆ ಬಿಳಿ ರಕ್ತಕಣಗಳ ಬದಲು ಸೂಕ್ಷ್ಮ ಹಾವುಗಳು, ಉಸಿರಲ್ಲಿ ವಿಷ. ಅವನನ್ನು ರೂಪಿಸಿದ್ದು ಆಯುಧವಾಗಿ ಮಾರಬೇಕೆಂದಿದ್ದ ಒಬ್ಬ ದುಷ್ಟ ವಿಜ್ಞಾನಿ, ಬಿಡಿಸಿ ದಾರಿ ತೋರಿಸಿದ್ದು ಗೋರಖನಾಥ ಬಾಬಾ. ಅಂದರೆ ಶಕ್ತಿ ಕೊಟ್ಟವನಿಗೆ ಅವನು ಋಣಿಯಲ್ಲ, ಸರಪಳಿ ಬಿಚ್ಚಿದವನಿಗೆ ಋಣಿ. ಈ ಕಟ್ಟು ನನಗೆ ತುಂಬಾ ಹಿಡಿಸುತ್ತದೆ. ಅದೇ ಲೆಕ್ಕದಲ್ಲಿ ‘ಸ್ಪೈಡರ್‌ಮ್ಯಾನ್: ಇಂಡಿಯಾ’ ಸೋತಿತು ಎನ್ನಬೇಕು. 2004ರಲ್ಲಿ ಬಂದ ಆ ಕಿರುಸರಣಿಯಲ್ಲಿ ಹಳ್ಳಿಯಿಂದ ಮುಂಬೈಗೆ ಬಂದ ಪವಿತ್ರ್ ಪ್ರಭಾಕರ್‌ಗೆ ಜೇಡ ಕಚ್ಚುವುದಿಲ್ಲ. ಯೋಗಿಯೊಬ್ಬ ಪ್ರತ್ಯಕ್ಷನಾಗಿ, ದುಷ್ಟಶಕ್ತಿಯ ವಿರುದ್ಧ ಹೋರಾಡೆಂದು ಕರ್ತವ್ಯದ ಸಮೇತ ಶಕ್ತಿ ಕೊಡುತ್ತಾನೆ. ಅಷ್ಟಾದ ಮೇಲೂ ಮೂಲದ ನೆರಳಿಗೆ ಭೀಮ್ ಅಂಕಲ್ ಸಾಯಲೇಬೇಕಾಗುತ್ತದೆ. ಜೇಡಕ್ಕೆ ಹೇಳುವ ಬಾಯಿರಲಿಲ್ಲ, ಹಾಗಾಗಿ ದೊಡ್ಡಪ್ಪನ ಸಾವು ಬೇಕಾಯಿತು. ಯೋಗಿ ಎಲ್ಲವನ್ನೂ ಹೇಳಿ ಆದ ಮೇಲೆ ಆ ಸಾವಿಗೆ ಕಥೆಯಲ್ಲಿ ಕೆಲಸ ಉಳಿದಿರಲಿಲ್ಲ.

ದೆಹಲಿಯ 2012ರ ಅತ್ಯಾಚಾರ ಪ್ರಕರಣದ ನಂತರ ರಾಮ್ ದೇವಿನೇನಿ ಮತ್ತು ಚಿತ್ರಕಾರ ಡಾನ್ ಗೋಲ್ಡ್‌ಮನ್ 2014ರಲ್ಲಿ ತಂದ ‘ಪ್ರಿಯಾಸ್ ಶಕ್ತಿ’ ಇದಕ್ಕಿಂತ ಧೈರ್ಯದ ಪುಸ್ತಕ. ಅತ್ಯಾಚಾರಕ್ಕೊಳಗಾಗಿ ಮನೆಯವರಿಂದಲೂ ದೂರವಾದ ಪ್ರಿಯಾಳ ನೆರವಿಗೆ ಪಾರ್ವತಿ ಬರುತ್ತಾಳೆ. ಅವಳಿಗೆ ಸಿಗುವುದು ಗುದ್ದುವ ಬಲವಲ್ಲ. ಹುಲಿಯ ಮೇಲೆ ಕೂತು ಊರಿಗೆ ಮರಳಿ, ನಾಚಿಕೆಪಡಬೇಕಾದವಳು ತಾನಲ್ಲ ಎಂದು ಜನರೆದುರು ಹೇಳುವ ಬಲ. ಬಾಕಿ ಉಳಿಸಿಕೊಂಡವರು ಯಾರೆಂದು ಬೆರಳು ತೋರಿಸಿ ಹೇಳಿದ ಪುಸ್ತಕ ಅದು.

ಕಮಲಾ ಖಾನ್ ಕಥೆ ಅಮೆರಿಕದಲ್ಲಿ ಇದೇ 2014ರಲ್ಲಿ ಶುರುವಾಯಿತು. ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹದಿನಾರರ ಹುಡುಗಿ. ಜಿ. ವಿಲ್ಲೋ ವಿಲ್ಸನ್ ಬರೆದ ಈ ಕಥೆಯಲ್ಲಿ ಊರನ್ನೆಲ್ಲ ಆವರಿಸಿದ ಒಂದು ಮಂಜು ಅವಳೊಳಗೆ ಮಲಗಿದ್ದ ಅನ್ಯಗ್ರಹದ ಬೀಜವನ್ನು ಎಬ್ಬಿಸುತ್ತದೆ. ಶಕ್ತಿ ಬಂದೊಡನೆ ಅವಳ ಮೈ ತಾನು ಆರಾಧಿಸುತ್ತಿದ್ದ ಕ್ಯಾರಲ್ ಡಾನ್ವರ್ಸ್‌ಳ ಹೊಂಗೂದಲ ರೂಪ ತಾಳುತ್ತದೆ. ಅದೇ ರಾತ್ರಿ, ತನ್ನನ್ನು ಹಂಗಿಸುತ್ತಿದ್ದ ಸಹಪಾಠಿ ನೀರಿಗೆ ಬಿದ್ದಾಗ ಕಮಲಾಗೆ ನೆನಪಾಗುವುದು ಒಂದು ಜೀವ ಉಳಿಸಿದರೆ ಮನುಕುಲವನ್ನೇ ಉಳಿಸಿದಂತೆ ಎಂದು ಅಪ್ಪ ಹೇಳುತ್ತಿದ್ದ ಕುರಾನಿನ ಮಾತು. ಕಚ್ಚುವ ಜೇಡವಿಲ್ಲ, ಸಾಯುವ ದೊಡ್ಡಪ್ಪನಿಲ್ಲ, ಮನೆಯಲ್ಲಿ ಕಿವಿಗೆ ಬಿದ್ದದ್ದೇ ಸಾಕಾಯಿತು.

2022ರಲ್ಲಿ ಇದು ಟಿವಿ ಸರಣಿಯಾದಾಗ ಆ ಮಂಜನ್ನು ಕೈಬಿಟ್ಟರು. ಅದರ ಜಾಗಕ್ಕೆ ಬಂದದ್ದು ಕರಾಚಿಯಿಂದ ಅಜ್ಜಿ ಕಳಿಸಿದ ಹಳೆಯ ಬಳೆ, ಮುತ್ತಜ್ಜಿಯದು. ಆಕೆ ಕಳೆದುಹೋದದ್ದು 1947ರ ವಿಭಜನೆಯ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ. ಮೂಲಪುಸ್ತಕದ ಅಭಿಮಾನಿಗಳಲ್ಲಿ ಹಲವರಿಗೆ ಈ ಬದಲಾವಣೆ ರುಚಿಸಲಿಲ್ಲ. ಹಿಗ್ಗಿ ಕುಗ್ಗುವ ಮೈಯನ್ನು ಬಿಟ್ಟು ಬೆಳಕಿನ ಹರಳುಗಳನ್ನು ಕೊಟ್ಟದ್ದಕ್ಕೆ ಅವರಿಗಿರುವ ಬೇಸರ ನನಗೂ ಇದೆ. ಆದರೆ ಬಳೆಯ ವಿಷಯದಲ್ಲಿ ನಾನು ಸರಣಿಯ ಪಕ್ಷ. ಊರಿಗೆಲ್ಲ ಕವಿದ ಮಂಜಿನಲ್ಲಿ ಯಾರ ಪಾಲೂ ಇರಲಿಲ್ಲ. ಬಳೆಯಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿ ಮೂವರ ಪಾಲೂ ಇದೆ. ಹಾಗಾಗಿಯೇ ಅದನ್ನು ತೊಟ್ಟ ಹುಡುಗಿ ಅದರ ಜಾಡು ಹಿಡಿದು ಕರಾಚಿಗೆ ಹೋಗಬೇಕಾಗುತ್ತದೆ, ಅಲ್ಲಿಂದ ಕಾಲದಲ್ಲಿ ಹಿಂದೆ ಸರಿದು ಆ ನಿಲ್ದಾಣಕ್ಕೇ ಹೋಗಿ ದಾರಿ ತಪ್ಪಿದ ಹಸುಳೆ ಅಜ್ಜಿಯನ್ನು ಕೊನೆಯ ರೈಲಿಗೆ ಹತ್ತಿಸಬೇಕಾಗುತ್ತದೆ.